ತಪ್ಪು ತೋರಿಸುವವರು ಬೇಕಾಗಿದ್ದಾರೆ



ನಮ್ಮ ಕಡೆ ಯಾರಾದರೂ ತಾನೊಂದು ಸಂಶೋಧನೆ ಮಾಡುತ್ತಿದ್ದೇನೆ ಎಂದರೆ ಮರುಪ್ರಶ್ನೆ ಸಿದ್ಧವಾಗಿಯೇ ಇರುತ್ತದೆ: "ಪಿಎಚ್.ಡಿ.ಗಾ? ಗೈಡ್ ಯಾರು ಮಾರಾಯ್ರೆ?" ಗೈಡ್ ಇಲ್ಲ, ಪಿಎಚ್.ಡಿ.ಗೂ ಅಲ್ಲ, ನನ್ನ ಕುತೂಹಲಕ್ಕೆ ಎಂದು ಹೇಳಿದಿರೋ, ಕೇಳಿದವರು "ಹೌದಾ, ಒಳ್ಳೆಯದು" ಎಂದು ಮಾತನ್ನು ಅಡಿಕೆ ಧಾರಣೆಗೆ ತಿರುಗಿಸುತ್ತಾರೆ. ಸಂಶೋಧನೆ ಎನ್ನುವುದು ಸಂಬಳ, ಬಡ್ತಿ, ಪದವಿ ಇವುಗಳ ಜೊತೆಗೇ ಬರುವಂಥದ್ದು ಎಂಬ ಎಣಿಕೆ ಅಷ್ಟು ಗಟ್ಟಿಯಾಗಿ ಕೂತುಬಿಟ್ಟಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಊರುಗಳ ಸುತ್ತಮುತ್ತ ಈ ಎಣಿಕೆ ಎಷ್ಟು ಹೊಸದು, ಎಷ್ಟು ಪೊಳ್ಳು ಎನ್ನುವುದನ್ನು ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಜೊತೆಗೆ ನಿಮ್ಮಲ್ಲಿ ಕೆಲವರನ್ನು ಈ ಕೆಲಸಕ್ಕೆ ಎಳೆಯುವ ಆಸೆಯೂ ಉಂಟು.

ಮೊದಲು ಒಂದು ಸರಳ ಲೆಕ್ಕ. ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1980ರಲ್ಲಿ. ಅದಕ್ಕೆ ಮೊದಲು ಇದ್ದದ್ದು 1968ರಲ್ಲಿ ಬಂದ ಮೈಸೂರು ವಿಶ್ವವಿದ್ಯಾನಿಲಯದ ಒಂದು ಸ್ನಾತಕೋತ್ತರ ಕೇಂದ್ರ. ಅದಕ್ಕೂ ಹಿಂದೆ ನಾವು ಮದರಾಸಿಗೆ ಸೇರಿದ್ದೆವು; ವಿಶ್ವವಿದ್ಯಾನಿಲಯ ಎಂದರೆ ರೈಲು ಹತ್ತಿ ಹೋಗಬೇಕಾದ ದೂರದ ಊರು. ಹಾಗಾದರೆ 1980ರ ತನಕ ಇಲ್ಲಿ ಯಾರೂ ಏನನ್ನೂ ಶೋಧಿಸಲಿಲ್ಲವೇ? ವಿಟ್ಲ ಸೀಮೆಯ ಮುಳಿಯದಿಂದ ಬಂದ ತಿಮ್ಮಪ್ಪಯ್ಯನವರು 1938ರಲ್ಲಿ 'ನಾಡೋಜ ಪಂಪ' ಪ್ರಕಟಿಸಿದರು. ಅವರು ಕನ್ನಡ ಪಂಡಿತರಾಗಿದ್ದವರು. ಮಂಜೇಶ್ವರದ ಗೋವಿಂದ ಪೈಗಳು ತಂದೆ ತೀರಿಕೊಂಡರೆಂದು ಬಿ.ಎ. ಅರ್ಧಕ್ಕೆ ಬಿಟ್ಟು ಮನೆಗೆ ಬಂದವರು. ಆ ಮನೆಯಲ್ಲಿ ಕೂತೇ ಹತ್ತಾರು ಭಾಷೆ ಕಲಿತು ಕವಿಗಳ, ಅರಸರ ಕಾಲ ನಿರ್ಣಯ ಮಾಡಿದರು. ಪುತ್ತೂರಿನ ಸೇಡಿಯಾಪು ಕೃಷ್ಣ ಭಟ್ಟರು ಛಂದಸ್ಸಿನ ಬಗ್ಗೆ ಹೇಳಿದ್ದನ್ನು ಬಿಟ್ಟು ಇವತ್ತಿಗೂ ಕನ್ನಡ ಛಂದಸ್ಸಿನ ಚರ್ಚೆ ಮುಂದುವರಿಯುವುದಿಲ್ಲ. ಅವರ ಕೈಯಲ್ಲಿ ಇದ್ದದ್ದು ವೈದ್ಯ ಮತ್ತು ಪಂಡಿತ ವೃತ್ತಿ. ಶಿವರಾಮ ಕಾರಂತರಂತೂ ಕಾಲೇಜು ಬಿಟ್ಟವರು. 1959ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅವರಿಗೆ ಬಂದದ್ದು ಕಾದಂಬರಿಗಲ್ಲ, 'ಯಕ್ಷಗಾನ ಬಯಲಾಟ' ಎಂಬ ಸಂಶೋಧನ ಗ್ರಂಥಕ್ಕೆ. ಕಾಲೇಜಿನ ಹೊರಗಿನ ಸಂಶೋಧನೆ ನಮ್ಮಲ್ಲಿ ಬದಲಿ ದಾರಿಯಾಗಿರಲಿಲ್ಲ. ಇದ್ದ ಒಂದೇ ದಾರಿ ಅದು.

ಆದರೆ ಇವರು ಯಾರೂ ಒಂಟಿಯಾಗಿರಲಿಲ್ಲ ಎನ್ನುವುದನ್ನು ನಾವು ಮರೆಯುತ್ತೇವೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಪತ್ರಿಕೆಯಲ್ಲಿ ಖಂಡಿಸುತ್ತಿದ್ದರು, ಕಾರ್ಡು ಬರೆದು ಕೆಣಕುತ್ತಿದ್ದರು, ಮನೆಗೆ ಬಂದು ಊಟ ಮಾಡಿ ಜಗಲಿಯಲ್ಲಿ ಕೂತು ಜಗಳ ಕಾಯುತ್ತಿದ್ದರು. ನನ್ನ ಇವತ್ತಿನ ಮಾತಿನ ತಿರುಳು ಇದೇ. ಹೊರಗಿನ ಸಂಶೋಧಕನಿಗೆ ಪದವಿಯ ಕೊರತೆ ದೊಡ್ಡದಲ್ಲ, ಹಣದ ಕೊರತೆಯೂ ಅಷ್ಟು ದೊಡ್ಡದಲ್ಲ. "ಇಲ್ಲಿ ನೀವು ತಪ್ಪಿದ್ದೀರಿ" ಎಂದು ಹೇಳುವ ನಾಲ್ಕು ಜನ ಸಿಗದೆ ಹೋಗುವುದೇ ಅವನ ನಿಜವಾದ ಬಡತನ.

ಇದಕ್ಕೆ ಮೂಡುಬಿದಿರೆಯ ಕತೆಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಅಲ್ಲಿನ ಗುರುಬಸದಿಯನ್ನು ಸಿದ್ಧಾಂತ ಬಸದಿ ಎಂದೂ ಕರೆಯುತ್ತಾರೆ. ಷಟ್ಖಂಡಾಗಮ ಎಂಬ ಜೈನ ಆಗಮಕ್ಕೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಬರೆದ 'ಧವಲಾ' ಟೀಕೆ, ಜೊತೆಗೆ 'ಜಯಧವಲಾ', 'ಮಹಾಧವಲಾ' ಎಂದು ಹೆಸರಾದ ಗ್ರಂಥಗಳು ಅಲ್ಲಿ ಉಳಿದುಬಂದವು. ಬರವಣಿಗೆ ಶ್ರೀತಾಳೆಯ ಗರಿಗಳ ಮೇಲೆ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳೆಯ ಕನ್ನಡ. ಕೆಲವು ಗರಿಗಳಲ್ಲಿ ಬಣ್ಣದ ಚಿತ್ರಗಳೂ ಇವೆ. ಯಾತ್ರಿಕರು ಬರುತ್ತಿದ್ದರು, ದರ್ಶನ ಮಾಡುತ್ತಿದ್ದರು, ಕೈಮುಗಿದು ಹೋಗುತ್ತಿದ್ದರು. ಓದುವವರು ಇರಲಿಲ್ಲ.

1883ರ ಸುಮಾರಿಗೆ ಮುಂಬಯಿಯ ಶೇಠ್ ಮಾಣಿಕಚಂದ್ ಯಾತ್ರೆಗೆ ಬಂದವರು ಈ ಗರಿಗಳನ್ನು ಕಂಡು ಸೊಲ್ಲಾಪುರದ ಹೀರಾಚಂದ್ ನೇಮಚಂದರಿಗೆ ತಿಳಿಸಿದರು. ಇಬ್ಬರೂ ವ್ಯಾಪಾರಿಗಳು, ಪ್ರೊಫೆಸರುಗಳಲ್ಲ. ಬಹಳ ಓಡಾಟದ ನಂತರ 1896ರಲ್ಲಿ ಪ್ರತಿ ಮಾಡುವ ಕೆಲಸ ಶುರುವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು, ಗಜಪತಿ ಉಪಾಧ್ಯಾಯರು ಕೂತು ಬರೆದರು. ಶಾಸ್ತ್ರಿಗಳು ನಡುವೆಯೇ ತೀರಿಕೊಂಡರು, ಕೆಲಸ ನಿಲ್ಲಲಿಲ್ಲ. ಎಲ್ಲ ಮುಗಿಯುವಾಗ 1922. ಒಂದು ಗ್ರಂಥ ಸಮೂಹದ ನಕಲಿಗೆ ಇಪ್ಪತ್ತಾರು ವರ್ಷ! ಇವತ್ತು ಮೂರು ವರ್ಷದಲ್ಲಿ ಪ್ರಬಂಧ ಒಪ್ಪಿಸಬೇಕೆಂದು ನಿದ್ದೆಗೆಡುವ ವಿದ್ಯಾರ್ಥಿಗಳು ಈ ಲೆಕ್ಕ ಒಮ್ಮೆ ನೋಡಬೇಕು.

ಕತೆಯ ರುಚಿ ಇರುವುದು ಮುಂದೆ. ಆ ಪ್ರತಿ ಬಸದಿಯ ಹೊರಗೆ ಹೋಗಬಾರದೆಂಬ ಕಟ್ಟುಪಾಡು. ಗಜಪತಿ ಉಪಾಧ್ಯಾಯರು ಹಗಲಲ್ಲಿ ನಾಗರಿಯಲ್ಲಿ ನಕಲು ಮಾಡುತ್ತಿದ್ದರು; ಅದೇ ಹೊತ್ತಿಗೆ ಹೆಂಡತಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಸಿದ್ಧವಾಯಿತು. ಅದು ದಾಟಿ ಹೋದದ್ದು ದೂರದ ಸಹಾರನಪುರಕ್ಕೆ. ಅಲ್ಲಿ ಅದನ್ನು ಮತ್ತೆ ನಾಗರಿಗೆ ಇಳಿಸಿದ ಸೀತಾರಾಮ ಶಾಸ್ತ್ರಿಗಳು ತಾವೂ ಒಂದು ಪ್ರತಿ ಸದ್ದಿಲ್ಲದೆ ಇಟ್ಟುಕೊಂಡರು. ಅದರಿಂದ ಮಾಡಿದ ಪ್ರತಿಗಳು ಊರೂರಿಗೆ ಹೋದವು. ಕೊನೆಗೆ ಅಮರಾವತಿಯ ಹೀರಾಲಾಲ್ ಜೈನರು 1939ರಲ್ಲಿ ಧವಲೆಯ ಮೊದಲ ಸಂಪುಟ ಅಚ್ಚು ಹಾಕಿಸಿದರು. ಹದಿನಾರನೆಯ ಸಂಪುಟ ಬಂದದ್ದು 1958ರಲ್ಲಿ.

ಇದು ಕಳ್ಳತನವೇ? ಬಸದಿಯ ಕಡೆಯಿಂದ ನೋಡಿದರೆ ಹೌದು. ನಾನಂತೂ ಲಕ್ಷ್ಮೀಬಾಯಿಯವರ ಪಕ್ಷ. ಹಾಗೆಂದು ಕಾವಲು ಕಾದವರನ್ನು ಹಳಿಯುವುದಕ್ಕೆ ಮನಸ್ಸು ಬರುವುದಿಲ್ಲ. ನಮ್ಮ ಕರಾವಳಿಯ ಮಳೆ, ಗೆದ್ದಲು, ಬೂಸು ಎಲ್ಲವನ್ನೂ ದಾಟಿಸಿ ಶತಮಾನಗಳ ಕಾಲ ಗರಿ ಉಳಿಸಿಕೊಟ್ಟವರು ಅವರೇ. ಮುಂದೆ ಅಲ್ಲಿನ ಜೈನ ಮಠವೂ ಮನಸ್ಸು ಮಾಡಿತು. ಅಚ್ಚಾದ ಪಾಠವನ್ನು ಮೂಲದ ಜೊತೆ ಹೋಲಿಸಲು ಅನುಮತಿ ಸಿಕ್ಕಿತು. ಮೂಡುಬಿದಿರೆಯ ಲೋಕನಾಥ ಶಾಸ್ತ್ರಿಗಳು ಮತ್ತು ಜೊತೆಯವರು ತಾಳೆಗರಿ ಮುಂದಿಟ್ಟುಕೊಂಡು ಪಾಠಭೇದಗಳನ್ನು ಪಟ್ಟಿ ಮಾಡಿ ಕಳುಹಿಸಿದರು.

ಆ ಹೋಲಿಕೆಯಿಂದ ಏನಾಯಿತು ಎಂದು ಒಂದೇ ಉದಾಹರಣೆ ಕೊಡುತ್ತೇನೆ. ಮೊದಲ ಸಂಪುಟದ 93ನೆಯ ಸೂತ್ರದಲ್ಲಿ 'ಸಂಜದ' ಎಂಬ ಪದ, ಅಂದರೆ ಸಂಯತ, ನಕಲು ಪ್ರತಿಗಳಲ್ಲಿ ಇರಲಿಲ್ಲ. ಅರ್ಥ ನೋಡಿದರೆ ಇಲ್ಲಿ ಆ ಪದ ಇರಲೇಬೇಕು ಎಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಹೇಳಿದರು. ದೊಡ್ಡ ಗಲಾಟೆ ಎದ್ದಿತು. ಯಾಕೆಂದರೆ ಆ ಸೂತ್ರ ಹೆಣ್ಣಿನ ವಿಷಯದ್ದು. ಹೆಣ್ಣು ಸಂಯಮದ ಮೇಲಿನ ಮೆಟ್ಟಿಲು ಏರಬಲ್ಲಳೇ ಎಂಬ ಹಳೆಯ ವಿವಾದ ಆ ಒಂದು ಪದಕ್ಕೆ ತಗಲಿಕೊಂಡಿತ್ತು. ಪಂಡಿತರು ಎರಡು ಪಂಗಡವಾದರು. ಉತ್ತರ ಸಿಕ್ಕಿದ್ದು ಮೂಡುಬಿದಿರೆಯಲ್ಲಿ: ತಾಳೆಗರಿಯಲ್ಲಿ ಆ ಪದ ಇತ್ತು. ನಕಲು ಮಾಡುವಾಗ ಎಲ್ಲೋ ಬಿಟ್ಟುಹೋಗಿತ್ತು, ಅಷ್ಟೆ. ನಕಲು ಮಾಡಿದವರು ಎಷ್ಟೇ ಶ್ರದ್ಧೆಯವರಿದ್ದರೂ ಇನ್ನೊಂದು ಜೋಡಿ ಕಣ್ಣು ಬೇಕು. ಆ ಕಣ್ಣು ಮೂಲದ ಹತ್ತಿರ ಇರುವವರದ್ದಾಗಿರಬೇಕು. ಅಮರಾವತಿಯಲ್ಲಿ ಎಷ್ಟು ದೊಡ್ಡ ವಿದ್ವಾಂಸರಿದ್ದರೂ ಗರಿ ಇದ್ದದ್ದು ಮೂಡುಬಿದಿರೆಯಲ್ಲಿ.

ಅದೇ ಪರಂಪರೆಯಲ್ಲಿ ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ, ಕಾರ್ಕಳ, ಅಳಿಯೂರುಗಳ ತಾಳೆಗರಿ ಭಂಡಾರಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ ಒಂದು ಗ್ರಂಥಸೂಚಿ ಮಾಡಿದರು; 1948ರಲ್ಲಿ ಅದನ್ನು ಕಾಶಿಯ ಭಾರತೀಯ ಜ್ಞಾನಪೀಠ ಪ್ರಕಟಿಸಿತು. ಗ್ರಂಥಸೂಚಿ ಮಾಡಿದವರಿಗೆ ಹಾರ ತುರಾಯಿ ಸಿಗುವುದು ಕಡಿಮೆ. ಆದರೆ ಮುಂದಿನ ಹತ್ತು ಮಂದಿ ಸಂಶೋಧಕರು ಬೆಳಕು ಕಾಣುವುದು ಅವರಿಂದ.

ಇನ್ನು ಬಂಟ್ವಾಳಕ್ಕೆ ಬರೋಣ. ಬಿ.ಸಿ. ರೋಡಿನ ಸಂಚಯಗಿರಿಯಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಉಂಟು. ಎಸ್.ವಿ.ಎಸ್. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ತುಕಾರಾಮ ಪೂಜಾರಿಯವರು ಕಟ್ಟಿದ್ದು. ಅವರು ಕಾಲೇಜಿನ ಒಳಗಿನವರೇ. ಆದರೆ ಈ ಕೆಲಸ ಕಾಲೇಜಿನ ಗೋಡೆಯ ಹೊರಗಿನದ್ದು. ನೇಗಿಲು, ಕಳಸೆ, ಅಡುಗೆಮನೆಯ ಪಾತ್ರೆ ಪಗಡಿ, ಹೀಗೆ ತುಳುನಾಡಿನ ದಿನಬಳಕೆಯ ಸಾಮಾನುಗಳನ್ನು ಅವರು ಮನೆ ಮನೆ ತಿರುಗಿ ಸೇರಿಸಿದ್ದಾರೆ. ಸಂಗ್ರಹಾಲಯದ ಜೊತೆಗೆ ಗ್ರಂಥಾಲಯವೂ ಇದೆ. ಹೋಗಿ ನೋಡಿದವರಲ್ಲಿ ಹೆಚ್ಚಿನವರು "ಅಯ್ಯೋ, ಇದು ನಮ್ಮ ಅಜ್ಜಿ ಮನೆಯಲ್ಲೂ ಇತ್ತು" ಎನ್ನುತ್ತಾರೆ. ಸರಿ, ಇತ್ತು. ಆಮೇಲೆ ಏನಾಯಿತು? ಗುಜರಿಗೆ ಹೋಯಿತು. ನಿಮ್ಮ ಅಟ್ಟದಲ್ಲಿ ಇನ್ನೂ ಒಂದು ಕಳಸೆ ಉಳಿದಿದ್ದರೆ ಅದು ಎಷ್ಟು ಸೇರು ಹಿಡಿಯುತ್ತದೆ ಎಂದು ಅಳೆದು ಬರೆದಿಡಿ. ಯಾರ ಮನೆಯದ್ದು, ಗೇಣಿ ಅಳೆಯಲು ಬಳಸುತ್ತಿದ್ದದ್ದೋ ಮನೆಖರ್ಚಿಗೋ ಎನ್ನುವುದನ್ನೂ ಸೇರಿಸಿ. ಇಂಥ ಐವತ್ತು ಕಳಸೆಗಳ ಅಳತೆ ಒಟ್ಟು ಸೇರಿದರೆ ಗೇಣಿಯ ಇತಿಹಾಸಕ್ಕೆ ಅದು ಗಟ್ಟಿ ಆಧಾರ. ಒಬ್ಬರಿಂದ ಆಗುವ ಕೆಲಸವಲ್ಲ, ಐವತ್ತು ಮನೆಯವರು ಒಂದೇ ಕ್ರಮದಲ್ಲಿ ಅಳೆಯಬೇಕು.

ಇದೇ ತಾಲೂಕಿನ ಕೇಪುವಿನಲ್ಲಿ ಅಮೈ ಮಹಾಲಿಂಗ ನಾಯ್ಕರು ಇದ್ದಾರೆ. ಅಡಿಕೆ ಮರ ಹತ್ತುವ ಕೂಲಿ ಕೆಲಸ ಮಾಡುತ್ತಿದ್ದವರು. ನೀರಿಲ್ಲದ ಗುಡ್ಡದ ತುಂಡು ಭೂಮಿಯಲ್ಲಿ ಕೆಲಸ ಮುಗಿಸಿ ಬಂದ ಮೇಲೆ ದೀಪದ ಬೆಳಕಿನಲ್ಲಿ ಒಬ್ಬರೇ ಸುರಂಗ ಕೊರೆದರು. ಒಂದರ ಮೇಲೊಂದು ಐದು ಸುರಂಗ ಸೋತವು, ಆರನೆಯದರಲ್ಲಿ ನೀರು ಬಂತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಎಲ್ಲರೂ ಆರನೆಯ ಸುರಂಗದ ಕತೆ ಹೇಳುತ್ತಾರೆ. ನನಗೆ ಕುತೂಹಲ ಆ ಐದರ ಮೇಲೆ. ಎಷ್ಟು ದೂರ ಹೋದಾಗ ಕಲ್ಲು ಬದಲಾಯಿತು, ಎಲ್ಲಿ ಜೇಡಿ ಸಿಕ್ಕಿತು, ಎಲ್ಲಿ ಒಸರು ಕಂಡು ಮತ್ತೆ ಬತ್ತಿತು? ಸುರಂಗ ಕೊರೆಯುವವರಿಗೆ ಇದೆಲ್ಲ ಕೈಯಲ್ಲಿ ಗೊತ್ತಿರುತ್ತದೆ. ಮಾಣಿಲ, ಕೇಪು, ಅಡ್ಯನಡ್ಕದ ಕಡೆಯ ಹಳಬರ ಈ ತಿಳಿವಳಿಕೆಯನ್ನು ಕೇಳಿ ಬರೆದಿಡಬಲ್ಲವರು ಅದೇ ಊರಿನ ಹುಡುಗ ಹುಡುಗಿಯರು. ಇಂಗ್ಲೆಂಡಿನ ವಿಶ್ವವಿದ್ಯಾನಿಲಯದವರೇ ಬಂದು ನಮ್ಮ ಸುರಂಗಗಳನ್ನು ಅಧ್ಯಯನ ಮಾಡಿ ಹೋಗಿದ್ದಾರೆ. ಅವರು ಬಂದದ್ದು ಸಂತೋಷ. ನಾವು ಹೋಗದೆ ಇದ್ದದ್ದು ಯಾಕೆ ಎಂಬುದು ಪ್ರಶ್ನೆ.

ಬೆಳ್ತಂಗಡಿಯ ಮಿತ್ತಬಾಗಿಲಿನಲ್ಲಿ ಬಿ.ಕೆ. ದೇವರಾಯರು ನೂರಕ್ಕೂ ಹೆಚ್ಚು ಭತ್ತದ ತಳಿಗಳನ್ನು ಗದ್ದೆಯಲ್ಲೇ ಉಳಿಸಿಕೊಂಡು ಬಂದಿದ್ದಾರೆ. ಬೀಜವನ್ನು ಡಬ್ಬದಲ್ಲಿ ಇಟ್ಟರೆ ಸಾಯುತ್ತದೆ, ವರ್ಷ ವರ್ಷ ಬಿತ್ತಲೇಬೇಕು. ನೂರು ತಳಿ ಎಂದರೆ ನೂರು ತುಂಡು ಸಾಲು, ನೂರು ಗುರುತುಪಟ್ಟಿ, ತೆನೆ ಬಂದಾಗ ಬೆರಕೆ ಆರಿಸುವ ಕಣ್ಣು. ಗಡಿಯಾಚೆ ಕಾಸರಗೋಡಿನ ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿಯವರಿಗೆ ಇದೇ ಕೆಲಸಕ್ಕೆ 2024ರಲ್ಲಿ ಪದ್ಮಶ್ರೀ ಬಂದಾಗ ನಮ್ಮಲ್ಲಿ ಹಲವರಿಗೆ ಮೊದಲ ಸಲ ಗೊತ್ತಾದದ್ದು, ಭತ್ತ ಉಳಿಸುವುದೂ ಸಂಶೋಧನೆಯೇ ಎಂದು. ಧರ್ಮಸ್ಥಳದಲ್ಲಿ ತಾಳೆಗರಿಗಳಿಗೆ ಶ್ರೀ ಮಂಜುನಾಥೇಶ್ವರ ಸಂಸ್ಕೃತಿ ಸಂಶೋಧನ ಪ್ರತಿಷ್ಠಾನ ಇರುವಂತೆ ಬೀಜಗಳಿಗೆ ಇಂಥ ಗದ್ದೆಗಳು.

ಒಂದು ಕಹಿ ಮಾತನ್ನೂ ಹೇಳಬೇಕು. ಹೊರಗಿನ ಸಂಶೋಧನೆ ಎಂದ ಕೂಡಲೆ ಎಲ್ಲವೂ ಚಿನ್ನವಲ್ಲ. "ಅಪ್ರಕಟಿತ ಶಾಸನ ಪತ್ತೆ" ಎಂದು ಫೋಟೊ ಸಮೇತ ಸುದ್ದಿ ಬರುತ್ತದೆ. ತೆಗೆದು ನೋಡಿದರೆ ಅದು ದಕ್ಷಿಣ ಭಾರತ ಶಾಸನಗಳ ಏಳನೆಯ ಸಂಪುಟದಲ್ಲಿ, ನಮ್ಮಜ್ಜನ ಕಾಲದಲ್ಲೇ, ಅಚ್ಚಾಗಿರುತ್ತದೆ. ಮೂಡುಬಿದಿರೆಯ ಶಾಸನಗಳು ಆ ಸಂಪುಟದಲ್ಲಿ ಬೇಕಾದಷ್ಟಿವೆ. ಪೇಪರಿನವರ ಹತ್ತಿರ ಓಡುವ ಮೊದಲು ಆ ಸಂಪುಟದ ಹತ್ತಿರ ನಡೆಯಬೇಕು. ಕಲ್ಲಿಗೆ ಸೀಮೆಸುಣ್ಣ ತಿಕ್ಕಿ, ಅಕ್ಷರಕ್ಕೆ ಬಣ್ಣ ಬಳಿದು ಫೋಟೊ ತೆಗೆಯುವವರೂ ಇದ್ದಾರೆ. ತನಗೆ ಕಂಡ ಅಕ್ಷರವನ್ನು ಬಳಿದುಬಿಟ್ಟರೆ ಮುಂದಿನವನಿಗೆ ಕಾಣುವುದು ಇವನ ಊಹೆ ಮಾತ್ರ. ಸರಿಯಾದ ಕ್ರಮ ಕಷ್ಟದ್ದೇನಲ್ಲ. ಕಲ್ಲನ್ನು ನೀರಿನಲ್ಲಿ ಮೆತ್ತಗೆ ತೊಳೆಯಬೇಕು, ಪಾಚಿ ಹೋಗಬೇಕು, ಕಲ್ಲು ಸವೆಯಬಾರದು. ಒದ್ದೆ ಕಾಗದ ಹಾಸಿ ಬ್ರಷ್ಷಿನಿಂದ ತಟ್ಟುತ್ತಾ ಹೋದರೆ ಕಾಗದ ಅಕ್ಷರದ ಗುಂಡಿಗೆ ಇಳಿಯುತ್ತದೆ. ಸ್ವಲ್ಪ ಆರಿದ ಮೇಲೆ ಶಾಯಿ ಅದ್ದಿದ ಬಟ್ಟೆಯ ಉಂಡೆಯಿಂದ ಒತ್ತಿದರೆ ಮೇಲಿನ ಭಾಗ ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಇದಕ್ಕೆ ಪಡಿಯಚ್ಚು ಎನ್ನುತ್ತಾರೆ. ಬಲ್ಲವರ ಜೊತೆ ನಿಂತು, ಜಾಗದ ಒಡೆಯರ ಮತ್ತು ಇಲಾಖೆಯ ಒಪ್ಪಿಗೆ ಪಡೆದು ಮಾಡಬೇಕು. ಅಕ್ಷರ ಓದಲಾಗದಿದ್ದರೆ ಓದಲಾಗಲಿಲ್ಲ ಎಂದು ಚುಕ್ಕೆ ಇಡಬೇಕು. ಚುಕ್ಕೆ ಇಡಲು ಬರುವವನೇ ನಿಜವಾದ ಶಾಸನ ಓದುಗ.

ಬೆಂಗಳೂರಿನಲ್ಲಿ ಇಂಥದ್ದೊಂದು ಕೆಲಸ ನಡೆದದ್ದನ್ನು ನೋಡಿ. ಪಿ.ಎಲ್. ಉದಯಕುಮಾರ್ ಎಂಬ ಎಂಜಿನಿಯರ್ ಮತ್ತು ಗೆಳೆಯರು, ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಶಾಸನ ಸಂಪುಟವನ್ನು ಹಿಡಿದು ಊರೊಳಗೆ ಕಲ್ಲು ಹುಡುಕುತ್ತಾ ಹೋದರು. ಹಲವು ಕಲ್ಲುಗಳು ಮನೆ, ರಸ್ತೆಗಳಡಿ ಮಾಯವಾಗಿದ್ದವು. ಉಳಿದವನ್ನು ಮೂರು ಆಯಾಮದ ಸ್ಕ್ಯಾನಿಂಗಿಗೆ ಒಳಪಡಿಸಿದಾಗ ಕಣ್ಣಿಗೆ ಕಾಣದ ಅಕ್ಷರಗಳೂ ಎದ್ದು ಬಂದವು. ಹೆಬ್ಬಾಳದಲ್ಲಿ ಎಂಟನೆಯ ಶತಮಾನದ ಒಂದು ಕಲ್ಲು ಚರಂಡಿ ಕೆಲಸದಲ್ಲಿ ಹೊರಬಿದ್ದಾಗ ಅದನ್ನು ಉಳಿಸಿದ್ದೂ ಇದೇ ಆಸಕ್ತರ ಬಳಗ. ಮುಂದೆ 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ ಈ ಕೆಲಸಕ್ಕೆ ಆಸರೆಯಾಯಿತು. ಹೊರಗಿನ ಉತ್ಸಾಹಕ್ಕೆ ಒಂದು ಹಳೆಯ ಸಂಸ್ಥೆಯ ಕಪಾಟು ಸಿಕ್ಕಿದರೆ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ಸಂಶೋಧಕ ತೀರಿಕೊಂಡ ವರ್ಷದೊಳಗೆ ಅವನ ಕಾಗದಗಳು ಬಚ್ಚಲೊಲೆಗೆ ಹೋಗುತ್ತವೆ. ನಮ್ಮ ಊರಲ್ಲಿ ಹೀಗೆ ಹೋದದ್ದಕ್ಕೆ ಲೆಕ್ಕವಿಲ್ಲ.

ಹೊರದೇಶಗಳಲ್ಲೂ ಈಗ ಈ ಗಾಳಿ ಬೀಸುತ್ತಿದೆ. 2012ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಜಾನ್ ವಿಲ್ಕಿನ್ಸ್ ಎಂಬ ವಿಜ್ಞಾನಿ ರೋನಿನ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ತೆರೆದರು. ಪಿಎಚ್.ಡಿ. ಮುಗಿಸಿಯೂ ಕಾಲೇಜಿನಲ್ಲಿ ಕೆಲಸ ಸಿಗದ, ಅಥವಾ ಬೇಡವೆಂದ ವಿದ್ವಾಂಸರು ಒಟ್ಟು ಸೇರುವ ಜಾಗ. ಅಲ್ಲಿ ಸಂಬಳವಿಲ್ಲ, ಹೇಳಿಕೊಳ್ಳಲು ಒಂದು ವಿಳಾಸ, ಮಾತಾಡಲು ಸಹೋದ್ಯೋಗಿಗಳು. ಅಮೆರಿಕದವರಿಗೆ ಹೊಸದೆನಿಸಿದ ಇದು ಗೋವಿಂದ ಪೈಗಳ ಜಗಲಿಯಲ್ಲಿ ಆಗಲೇ ಇತ್ತು. ನಮ್ಮಲ್ಲೂ ಸೂರ್ಯನಾಥ ಕಾಮತರು ಮುಂದೆ ನಿಂತು ಕಟ್ಟಿದ ಕರ್ನಾಟಕ ಇತಿಹಾಸ ಅಕಾಡೆಮಿ ಇದೆ. ವರ್ಷಕ್ಕೊಮ್ಮೆ ಒಂದೊಂದು ಊರಲ್ಲಿ ಸಮ್ಮೇಳನ, 'ಇತಿಹಾಸ ದರ್ಶನ' ಎಂಬ ಸಂಪುಟ. ಶಾಲಾ ಮಾಸ್ತರರು, ಬ್ಯಾಂಕಿನವರು, ನಿವೃತ್ತರು ಅಲ್ಲಿ ಪ್ರಬಂಧ ಓದುತ್ತಾರೆ. ಕೆಲವು ಪ್ರಬಂಧಗಳು ಸಾಧಾರಣ, ಕೆಲವು ಅದ್ಭುತ. ವಿಶ್ವವಿದ್ಯಾನಿಲಯದ ವಿಚಾರ ಸಂಕಿರಣದ ಲೆಕ್ಕವೂ ಅಷ್ಟೇ ತಾನೆ?

ಇಲ್ಲಿ ಇನ್ನೊಂದು ಎಚ್ಚರಿಕೆ. ಈಚೆಗೆ ಯಾವ್ಯಾವುದೋ ಹೆಸರಿನ 'ವಿಶ್ವವಿದ್ಯಾಲಯ'ಗಳು ಹೋಟೆಲಿನ ಸಭಾಂಗಣದಲ್ಲಿ ಗೌರವ ಡಾಕ್ಟರೇಟ್ ಹಂಚುತ್ತಿವೆ. ನಿಲುವಂಗಿ, ಟೊಪ್ಪಿ, ಫೋಟೊ ಎಲ್ಲ ಸೇರಿ ಒಂದು ದರ. ಇಪ್ಪತ್ತು ವರ್ಷ ಒಳ್ಳೆಯ ಕೆಲಸ ಮಾಡಿದವರೂ ಕೊನೆಗೆ ಈ ಟೊಪ್ಪಿಗೆ ತಲೆ ಕೊಟ್ಟದ್ದನ್ನು ಕಂಡಾಗ ಬೇಸರವಾಗುತ್ತದೆ. ದಯವಿಟ್ಟು ಬೇಡ. ನಿಮ್ಮ ಟಿಪ್ಪಣಿ ಪುಸ್ತಕಕ್ಕೆ ಇರುವ ಬೆಲೆ ಅದಕ್ಕಿಲ್ಲ.

ಮಾಹಿತಿ ಕೊಟ್ಟವರ ಹೆಸರು ಬರೆಯುವುದು ಇನ್ನೊಂದು ಋಣ. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಬರ್ನೆಲ್, ಬಾಸೆಲ್ ಮಿಶನ್ನಿನ ಮ್ಯಾನರ್ ಇವರು ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಭೂತಗಳ ಪಾಡ್ದನಗಳನ್ನು ಬರೆಸಿಕೊಂಡರು. ಮ್ಯಾನರ್ ತುಳು ನಿಘಂಟನ್ನೂ ಮಾಡಿ 1886ರಲ್ಲಿ ಹೊರತಂದರು. ಇಬ್ಬರೂ ಪ್ರೊಫೆಸರರಲ್ಲ, ಅವರ ಉಪಕಾರ ದೊಡ್ಡದು. ಆದರೆ ನಾವು ಬರ್ನೆಲ್ ಎಂದಷ್ಟು ಸಲೀಸಾಗಿ ಹಾಡಿದವರ ಹೆಸರು ಹೇಳಬಲ್ಲೆವೇ? ನಾಟಿ ಗದ್ದೆಯಲ್ಲಿ ಹಾಡುವ ಅಕ್ಕನಿಂದ ನೀವು ಒಂದು ಪಾಡ್ದನ ಕೇಳಿ ಬರೆದುಕೊಂಡರೆ ಅವರ ಹೆಸರು, ಊರು, ಅವರು ಅದನ್ನು ಯಾರಿಂದ ಕಲಿತದ್ದು, ಇಷ್ಟನ್ನು ಅವರ ಒಪ್ಪಿಗೆ ಕೇಳಿ ಮೊದಲ ಸಾಲಿನಲ್ಲೇ ಬರೆಯಿರಿ. ಅಚ್ಚಾದ ಮೇಲೆ ಒಂದು ಪ್ರತಿ ಅವರ ಮನೆಗೆ ಮುಟ್ಟಿಸಿ.

ಈಗ, ನಾಳೆಯೇ ಶುರು ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಮಳೆ ಅಳೆಯುವುದು. ಸುಳ್ಯ ತಾಲೂಕಿನ ಬಾಳಿಲದ ಕೃಷಿಕರೊಬ್ಬರು 1976ರಿಂದ ದಿನವೂ ಮಳೆ ಅಳೆದು ಬರೆದಿಟ್ಟಿದ್ದಾರೆ. ಅವರನ್ನು ನೋಡಿ ಇನ್ನೂ ಹಲವು ಕೃಷಿಕರು ಅಳೆಯಲು ತೊಡಗಿ, ಬೆಳಿಗ್ಗೆ ಬೆಳಿಗ್ಗೆ ಒಬ್ಬರಿಗೊಬ್ಬರು ಲೆಕ್ಕ ಕಳುಹಿಸುತ್ತಾರೆ. ನಾನು ಹೇಳುವ ಸಂಶೋಧಕರ ಬಳಗ ಎಂದರೆ ಇದೇ. ಯಾರೂ ಯಾರಿಗೂ ಗೈಡ್ ಅಲ್ಲ, ಎಲ್ಲರೂ ಎಲ್ಲರ ಲೆಕ್ಕ ನೋಡುತ್ತಾರೆ. "ನಿಮ್ಮಲ್ಲಿ ಹೇಗೆ ಅಷ್ಟು ಬಂತು? ನಮ್ಮಲ್ಲಿ ಹನಿ ಇಲ್ಲ, ಪಾತ್ರೆ ಸರಿಯಾಗಿ ಇಟ್ಟಿದ್ದೀರಾ ಭಾವ?" ಎಂದು ಕೇಳುವವರಿರುವಾಗ ಸುಳ್ಳು ಲೆಕ್ಕ ಬರೆಯಲು ಧೈರ್ಯ ಬರುವುದಿಲ್ಲ.

ಕ್ರಮ ಇಷ್ಟೆ. ಮಾಪಕವನ್ನು ಬಯಲಲ್ಲಿ ಇಡಬೇಕು. ಹತ್ತಿರದ ಮರ ಅಥವಾ ಮಾಡು ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಇರಬೇಕು. ನಮ್ಮ ತೋಟಗಳ ನಡುವೆ ಅಂಥ ಜಾಗ ಹುಡುಕುವುದೇ ಕಷ್ಟ, ಅಂಗಳವೇ ಗತಿ. ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರ ತನಕ. ಆದ್ದರಿಂದ ನೀವೂ 8.30ಕ್ಕೇ ನೋಡಬೇಕು. ಒಬ್ಬರು ಹಾಲು ಡಿಪೋಗೆ ಹೋಗುವಾಗ ಆರು ಗಂಟೆಗೆ, ಇನ್ನೊಬ್ಬರು ಮಧ್ಯಾಹ್ನ ಊಟಕ್ಕೆ ಮೊದಲು ನೋಡಿದರೆ ಎರಡು ಲೆಕ್ಕವನ್ನು ಜೊತೆಗಿಟ್ಟು ನೋಡಲಾಗದು. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಮಳೆ ಬಾರದ ದಿನ ಸೊನ್ನೆ ಬರೆಯಬೇಕು. ನೋಡಲು ಮರೆತ ದಿನ ಸೊನ್ನೆ ಬರೆಯಬಾರದು, ನೋಡಲಿಲ್ಲ ಎಂದೇ ಬರೆಯಬೇಕು. ಈ ಕೊನೆಯ ನಿಯಮ ಪಾಲಿಸಿದವರು ಅರ್ಧ ವಿಜ್ಞಾನಿ ಆದಂತೆಯೇ.

ಇದರಿಂದ ಏನು ಲಾಭ ಎಂದು ಕೇಳುತ್ತೀರಿ. ಚಾರ್ಮಾಡಿಯ ಬುಡದಲ್ಲಿ ಸುರಿದ ಮಳೆ ಮೃತ್ಯುಂಜಯ, ನೆರಿಯ ಹೊಳೆಗಳಲ್ಲಿ ಇಳಿದು ನೇತ್ರಾವತಿ ಸೇರಿ ಬಂಟ್ವಾಳಕ್ಕೆ ಬರುತ್ತದೆ. ಬಂಟ್ವಾಳದಲ್ಲಿ 1974ರ ನೆರೆ ಎಲ್ಲಿಯವರೆಗೆ ಬಂದಿತ್ತೆಂದು ಹಳಬರು ಇವತ್ತಿಗೂ ಗೋಡೆ ತೋರಿಸಿ ಹೇಳುತ್ತಾರೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಘಟ್ಟದ ಬದಿಯಲ್ಲಿ ಗುಡ್ಡ ಜರಿದು ತೋಟಗಳ ಮೇಲೆ ಮರಳು ಹರಡಿದ್ದು ಯಾರೂ ಮರೆತಿಲ್ಲ. ಘಟ್ಟದ ಬುಡದಿಂದ ಪಾಣೆಮಂಗಳೂರಿನ ತನಕ ಹತ್ತು ಮನೆಗಳಲ್ಲಿ ಒಂದೇ ಕ್ರಮದಲ್ಲಿ ಹತ್ತು ವರ್ಷ ಅಳೆದ ಪುಸ್ತಕ ಇದ್ದರೆ, ಎಲ್ಲಿ ಎಷ್ಟು ಸುರಿದರೆ ಎಷ್ಟು ಹೊತ್ತಿಗೆ ಹೊಳೆ ಏರುತ್ತದೆ ಎನ್ನಲು ಕೈಯಲ್ಲಿ ಆಧಾರ ಇರುತ್ತದೆ. ಸರಕಾರಿ ಮಾಪಕಗಳು ಇವೆ. ಆದರೆ ನಮ್ಮ ಮಳೆ ಒಂದು ಗುಡ್ಡದ ಈಚೆ ಆಚೆಗೆ ಬದಲಾಗುವಂಥದ್ದು. ಅಡಿಕೆಗೆ ಬೋರ್ಡೊ ದ್ರಾವಣ ಹೊಡೆಯುವ ದಿನ ನಿರ್ಧರಿಸಲೂ ಈ ಪುಸ್ತಕ ಬೇಕು. ಕೊಳೆರೋಗದ ವರ್ಷಗಳನ್ನು ಅದರ ಪಕ್ಕದಲ್ಲೇ ಬರೆದಿಟ್ಟರೆ ವಿಟ್ಲದ ತೋಟದ ಬೆಳೆಗಳ ಸಂಶೋಧನ ಸಂಸ್ಥೆ ಸಿ.ಪಿ.ಸಿ.ಆರ್.ಐ.ಯ ವಿಜ್ಞಾನಿಗಳೂ ಕುರ್ಚಿ ಎಳೆದು ಕೂತು ನೋಡುತ್ತಾರೆ.

ಮಳೆ ಬೇಡದವರಿಗೆ ಬೇರೆ ದಾರಿಗಳಿವೆ. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ, ಹದಿನೈದು ನಿಮಿಷ ಕೊಟ್ಟರೂ ಸಾಕು. ಸೀಸನ್‌ವಾಚ್ ಎಂಬ ಯೋಜನೆಯವರು ನಿಮ್ಮ ಮನೆಯ ಹಲಸು, ಮಾವು, ಹುಣಸೆ ಯಾವ ವಾರ ಚಿಗುರಿತು, ಯಾವ ವಾರ ಹೂ ಬಿಟ್ಟಿತು ಎಂದು ಕೇಳುತ್ತಾರೆ. ಚಿಟ್ಟೆ ಇಷ್ಟವಾದರೆ ಮೂಡುಬಿದಿರೆ ಹತ್ತಿರದ ಬೆಳುವಾಯಿಗೆ ಹೋಗಿ. ಸಮ್ಮಿಲನ್ ಶೆಟ್ಟಿಯವರು ತಮ್ಮ ಜಾಗದಲ್ಲೇ ಚಿಟ್ಟೆಗಳ ಆಹಾರದ ಗಿಡ ನೆಟ್ಟು ಅವುಗಳನ್ನು ಕರೆಸಿಕೊಂಡಿದ್ದಾರೆ. ಈಶ್ವರಬಳ್ಳಿ ಇದ್ದಲ್ಲಿ ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುತ್ತದೆ, ಕರಿಬೇವಿನಲ್ಲಿ ಕಾಮನ್ ಮಾರ್ಮನ್. ಪುತ್ತೂರಿನ 'ಅಡಿಕೆ ಪತ್ರಿಕೆ' 1988ರಿಂದ ಕೃಷಿಕರ ಕೈಗೆ ಲೇಖನಿ ಕೊಡುತ್ತಾ ಬಂದಿದೆ. ನೀವು ಮಾಡಿದ ಪ್ರಯೋಗ ಗೆದ್ದದ್ದನ್ನೂ ಸೋತದ್ದನ್ನೂ ಅದಕ್ಕೆ ಬರೆಯಬಹುದು. ಯಾವುದನ್ನು ಆರಿಸಿದರೂ ಒಬ್ಬರೇ ಮಾಡಬೇಡಿ. ಊರಿನ ಗ್ರಂಥಾಲಯದಲ್ಲೋ, ಶಾಲೆಯ ಜಗಲಿಯಲ್ಲೋ ತಿಂಗಳಿಗೊಂದು ಭಾನುವಾರ ನಾಲ್ಕು ಜನ ಸೇರಿ. ಪ್ರತಿಯೊಬ್ಬರೂ ಒಂದು ಪುಟ ಬರೆದು ತನ್ನಿ, ಓದಿ, ಉಳಿದ ಮೂವರು ತಪ್ಪು ಹುಡುಕಲಿ. ಅಧ್ಯಕ್ಷರು, ಶಾಲು, ಸ್ಮರಣಿಕೆ ಯಾವುದೂ ಬೇಡ. ವರ್ಷದ ಕೊನೆಗೆ ಆ ಪುಟಗಳ ಒಂದು ಪ್ರತಿಯನ್ನು ಸಂಚಯಗಿರಿಗೋ, ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರಕ್ಕೋ, ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೋ ಕೊಟ್ಟುಬಿಡಿ.

ಮಳೆ ಅಳೆಯಲು ಮನಸ್ಸು ಮಾಡಿದವರಿಗೆ ಒಂದೇ ಮಾತು. ನಮ್ಮಲ್ಲಿ ಮುಂಗಾರು ಜೂನ್ ಮೊದಲ ವಾರದ ಹೊತ್ತಿಗೆ ಹಿಡಿಯುತ್ತದೆ. ಮಾಪಕ ಮೇ ತಿಂಗಳಲ್ಲೇ ಅಂಗಳದಲ್ಲಿ ನಿಂತಿರಲಿ, ಮೊದಲ ಮಳೆಯ ಲೆಕ್ಕ ತಪ್ಪಬಾರದು.